ಭಾವನ ಮನೆಯಲ್ಲಿದ್ದ ನನ್ನ ಕಾರಿನ ಕೀ

ನನ್ನ ಕಾರಿನ ಜೊತೆ ಬಂದ ಎರಡು ಕೀಗಳಲ್ಲಿ ಒಂದು ಐದು ವರ್ಷ ನನ್ನ ಬ್ಯಾಗಿನಲ್ಲಿತ್ತು, ಇನ್ನೊಂದು ಭಾವನ ಮನೆಯ ಗೋಡೆಯ ಮೊಳೆಯಲ್ಲಿತ್ತು. ಭಾವ ಎಂದರೆ ನನ್ನ ಗಂಡನ ಅಣ್ಣ. ರಾಗಿಗುಡ್ಡದಲ್ಲಿ ನಮ್ಮ ಮನೆಯಿಂದ ಎರಡು ಬೀದಿ ಆಚೆ ಅವರ ಮನೆ. ಕಾರು ನನ್ನ ಸಂಬಳದಲ್ಲಿ ಕೊಂಡದ್ದು, ನನ್ನ ಹೆಸರಿನಲ್ಲಿದೆ, ದಿನಾ ಭದ್ರಾವತಿ ಬಳಿಯ ಶಂಕರಘಟ್ಟದ ಆಫೀಸಿಗೆ ಓಡಿಸುವವಳೂ ನಾನೇ. ನನ್ನ ಗಂಡನಿಗೆ ಡ್ರೈವಿಂಗ್ ಬರುವುದಿಲ್ಲ, ಕಲಿಯುವ ಮನಸ್ಸೂ ಇಲ್ಲ. ಕಾರು ಕೊಂಡ ದಿನ ಪೂಜೆ ಮಾಡಿಸಿ, ನಿಂಬೆಹಣ್ಣಿನ ಮೇಲೆ ಚಕ್ರ ಹತ್ತಿಸಿದ ಮೇಲೆ, ನನಗಿನ್ನೂ ಕೈ ಕುದುರಿಲ್ಲವೆಂದು ಭಾವನೇ ಅದನ್ನು ಮನೆತನಕ ತಂದರು. ಇಳಿದು ಒಂದು ಕೀ ನನ್ನ ಕೈಗೆ ಕೊಟ್ಟರು, ಇನ್ನೊಂದನ್ನು ಅಂಗಿ ಜೇಬಿಗೆ ಹಾಕಿಕೊಂಡರು. "ಒಂದು ನನ್ನ ಹತ್ರ ಇರ್ಲಿ, ಸೇಫ್ಟಿಗೆ" ಅಂದರು. ನಾನು ತಲೆಯಾಡಿಸಿದೆ. ಹಾಗೆ ತಲೆಯಾಡಿಸಿದ್ದಕ್ಕೆ ಈಗಲೂ ನನ್ನ ಮೇಲೆ ನನಗೇ ಕೋಪ ಬರುತ್ತದೆ.

ಆಮೇಲಿನದು ಊಹಿಸಬಹುದು. ಭಾನುವಾರ ಬೆಳಿಗ್ಗೆ ಎದ್ದು ನೋಡಿದರೆ ಗೇಟಿನ ಮುಂದೆ ಕಾರಿಲ್ಲ. ಸಂಜೆ ಬಂದಾಗ ಸೀಟು ಹಿಂದಕ್ಕೆ ಹೋಗಿರುತ್ತಿತ್ತು, ಕನ್ನಡಿ ಆಕಾಶ ನೋಡುತ್ತಿತ್ತು, ಪೆಟ್ರೋಲಿನ ಮುಳ್ಳು ಕೆಂಪಿಗೆ ಇಳಿದಿರುತ್ತಿತ್ತು. ಒಮ್ಮೆ ಹಿಂದಿನ ಸೀಟಿನಲ್ಲಿ ಯಾರದೋ ಮಗುವಿನ ಒಂದೇ ಒಂದು ಚಪ್ಪಲಿ ಸಿಕ್ಕಿತು. ಗಂಡನಿಗೆ ಹೇಳಿದರೆ "ಅಣ್ಣ ಅಲ್ವಾ ಮಾರಾಯ್ತಿ, ಏನಂತ ಹೇಳ್ಲಿ" ಎನ್ನುತ್ತಿದ್ದ. ಅವನಿಗೆ ಹೇಳಲಾಗದ್ದನ್ನು ನಾನೂ ಹೇಳಲಿಲ್ಲ. ಮದುವೆಯಾಗಿ ಬಂದಾಗಿನಿಂದ ನನ್ನನ್ನು ತಂಗಿಯ ಹಾಗೆ ನೋಡಿಕೊಂಡವರು, ಆಸ್ಪತ್ರೆ ಅಂದರೆ ನಡುರಾತ್ರಿಯಲ್ಲೂ ಎದ್ದು ಬಂದವರು. ಅಂಥವರ ಎದುರು ಪೆಟ್ರೋಲಿನ ಮಾತು ಎತ್ತುವುದು ಹೇಗೆ? ಸೀಟು ಮುಂದಕ್ಕೆಳೆದುಕೊಂಡು, ಕನ್ನಡಿ ಸರಿಮಾಡಿಕೊಂಡು, ಹಲ್ಲು ಕಚ್ಚಿಕೊಂಡು ಸೋಮವಾರ ಆಫೀಸಿಗೆ ಹೋಗುತ್ತಿದ್ದೆ.

ಹೋದ ವರ್ಷ ಗೌರಿ ಹಬ್ಬದ ಹಿಂದಿನ ದಿನ ಗಾಂಧಿ ಬಜಾರಿನಲ್ಲಿ ನನ್ನ ಕೀ ಕಳೆದುಹೋಯಿತು. ಹೂವು, ಬಾಳೆಲೆ, ಬಾಗಿನದ ಸಾಮಾನು ಎಂದು ನಾಲ್ಕು ಕಡೆ ಬ್ಯಾಗು ತೆಗೆದಿದ್ದೆ. ಹೂವಿನವಳು ಪಾಪ ಬುಟ್ಟಿಯನ್ನೇ ಮಗುಚಿ ತೋರಿಸಿದಳು. ಬಟ್ಟೆ ಅಂಗಡಿಯವನು ನನಗೆ ತೋರಿಸಿದ್ದ ರವಿಕೆ ಕಣಗಳನ್ನೆಲ್ಲ ಒಂದೊಂದಾಗಿ ಒದರಿದ. ಎಲ್ಲೂ ಇಲ್ಲ. ಕೊನೆಗೆ ಬೇರೆ ದಾರಿ ಕಾಣದೆ ಭಾವನಿಗೆ ಫೋನ್ ಮಾಡಿದೆ. ಅವರು ಸ್ಕೂಟರಿನಲ್ಲಿ ಬಂದು, ಬೆರಳಿಗೆ ಕೀ ಸಿಕ್ಕಿಸಿ ತಿರುಗಿಸುತ್ತ ನಕ್ಕರು. "ಸೇಫ್ಟಿಗೆ ಅಂತ ಇಟ್ಕೊಂಡಿದ್ದು ಯಾಕೆ ಅಂತ ಈಗ ಗೊತ್ತಾಯ್ತಾ?" ಅಂದರು. ಕೀ ಹೋದದ್ದಕ್ಕಿಂತ ಆ ಮಾತಿಗೆ ನನ್ನ ಮೈಯೆಲ್ಲ ಉರಿಯಿತು, ಏಕೆಂದರೆ ಅವರು ಹೇಳಿದ್ದು ಸರಿಯಾಗಿತ್ತು.

ಶೋರೂಮಿನವರದು ಇನ್ನೊಂದು ಕಥೆ. ಕೌಂಟರಿನ ಹುಡುಗಿ ಮೊದಲು ಕೇಳಿದ್ದು "ಸರ್ ಬಂದಿಲ್ವಾ ಮೇಡಂ?" ಎಂದು. ಕಾರು ನನ್ನದು ಎಂದಮೇಲೆ ಆರ್‌ಸಿ, ಆಧಾರ್, ಕೀ ಕಳೆದಿದೆಯೆಂದು ಪೊಲೀಸರಿಗೆ ಕೊಟ್ಟ ದೂರಿನ ಪ್ರತಿ, ಇನ್ನೊಂದು ಕೀ, ಎಲ್ಲ ತನ್ನಿ ಎಂದಳು. ಎಲ್ಲವನ್ನೂ ಒಯ್ದು ತೋರಿಸಿದೆ. ಕೀ ಒಳಗೆ ಚಿಪ್ ಇರುತ್ತದೆ, ಹೊರಗಿನಿಂದ ತರಿಸಬೇಕು, ಎರಡು ವಾರ ಎಂದಳು. ಎರಡು ವಾರ ಕಳೆದ ಮೇಲೆ ಇನ್ನೂ ಒಂದು ವಾರ ಎಂದಳು. ಆಮೇಲೆ ಫೋನ್ ಎತ್ತುವುದನ್ನೇ ಬಿಟ್ಟರು.

ಅಷ್ಟು ದಿನವೂ ಬೆಳಿಗ್ಗೆ ಎಂಟಕ್ಕೆ ನಾನು ಭಾವನ ಮನೆಗೆ ನಡೆದು ಹೋಗಿ, ನನ್ನ ಕಾರಿನ ಕೀ ಕೇಳಿ ತರಬೇಕಿತ್ತು. ಭಾವ ಆ ಹೊತ್ತಿಗೆ ಪೂಜೆಗೆ ಕೂತಿರುತ್ತಿದ್ದರು. ಅಕ್ಕ, ಅಂದರೆ ಭಾವನ ಹೆಂಡತಿ, "ಕೂತ್ಕೊ, ಈಗ ಏಳ್ತಾರೆ" ಎಂದು ಕಾಫಿ ಕೊಡುತ್ತಿದ್ದರು. ಕೀ ಎದುರಿಗೇ, ಟೀವಿಯ ಮೇಲಿನ ಮೊಳೆಯಲ್ಲಿ ತೂಗುತ್ತಿತ್ತು. ಎದ್ದು ಕೈ ಚಾಚಿದರೆ ಸಿಗುತ್ತಿತ್ತು. ಆದರೆ ಅಕ್ಕನೂ ಅದನ್ನು ಮುಟ್ಟಿ ಕೊಡುತ್ತಿರಲಿಲ್ಲ, ನಾನೂ ಎದ್ದು ತೆಗೆದುಕೊಳ್ಳುತ್ತಿರಲಿಲ್ಲ. ಮಂಗಳಾರತಿ ಮುಗಿಸಿ ಭಾವ ಬಂದು, ತಾವೇ ಕೈಯಾರೆ ತೆಗೆದು ಕೊಡಬೇಕು. "ಜೋಪಾನ. ಇದನ್ನೂ ಕಳ್ಕೊಂಡ್ ಬರ್ಬೇಡ. ಸಂಜೆ ತಂದ್ಕೊಡು." ಇದು ದಿನಾ. ಆಫೀಸಿನಲ್ಲಿ ತಡವಾಗಿ ಬಂದದ್ದಕ್ಕೆ ಎರಡು ಸಲ ಮಾತು ಕೇಳಿಸಿಕೊಂಡೆ. ಸಂಜೆ ಹಿಂದಿರುಗಿಸದೆ ಇಟ್ಟುಕೊಳ್ಳಬಹುದಿತ್ತಲ್ಲ ಎಂದರೆ, ಅದಕ್ಕೆ ಬಾಯಿ ಬೇಕು. ಆ ಬಾಯಿ ನನಗಿರಲಿಲ್ಲ.

ಆಫೀಸಿನ ಗೆಳತಿಯೊಬ್ಬಳು ಭದ್ರಾವತಿಯ ಕೀ ರಿಪೇರಿಯವರ ವಿಷಯ ಹೇಳಿದಳು. ಒಂದು ಮಧ್ಯಾಹ್ನ ಅರ್ಧ ದಿನ ರಜೆ ಹಾಕಿ ಹೋದೆ. ಕಾರ್ಖಾನೆ ಗೇಟಿನ ಕಡೆಗೆ ಹೋಗುವ ರಸ್ತೆಯಲ್ಲಿ, ಒಬ್ಬರು ನಿಂತರೆ ಇನ್ನೊಬ್ಬರಿಗೆ ಜಾಗವಿಲ್ಲದಷ್ಟು ಚಿಕ್ಕ ಅಂಗಡಿ. ಟ್ರಂಕಿನ ಬೀಗದಿಂದ ಹಿಡಿದು ಕಾರಿನ ಕೀವರೆಗೆ ಎಲ್ಲ ಮಾಡುವ ಐವತ್ತು ದಾಟಿದ ಮನುಷ್ಯ, ತಮಿಳು ಬೆರೆತ ಕನ್ನಡ. ಮೊದಲು ಆರ್‌ಸಿ ತೆಗೆದುಕೊಂಡು ನನ್ನ ಮುಖವನ್ನೂ ಹೆಸರನ್ನೂ ಎರಡೆರಡು ಸಲ ನೋಡಿದರು. ಸರ್ ಎಲ್ಲಿ ಎಂದು ಮಾತ್ರ ಕೇಳಲಿಲ್ಲ. ಹೊಸ ಕೀ ಕತ್ತರಿಸಿ, ಹೊರಗೆ ನಿಲ್ಲಿಸಿದ್ದ ನನ್ನ ಕಾರಿನ ಸ್ಟೇರಿಂಗಿನ ಕೆಳಗೆ ಒಂದು ವೈರು ಚುಚ್ಚಿ, ಮಡಿಲಲ್ಲಿ ಪುಟ್ಟ ಮೆಷಿನ್ ಇಟ್ಟುಕೊಂಡು ಕೂತರು.

"ಕಾರೊಳಗೆ ಒಂದು ಲಿಸ್ಟ್ ಇರುತ್ತೆ ಮೇಡಂ, ಯಾವ ಯಾವ ಕೀ ನಂದು ಅಂತ" ಎಂದರು. "ಈಗ ಅದನ್ನ ಪೂರಾ ಅಳಿಸಿ ಹೊಸದಾ ಬರೀಬೇಕು. ಇರೋ ಕೀ ಎಲ್ಲಾ ಒಂದೊಂದಾ ಹಾಕಿ ಕಾರಿಗೆ ತೋರಿಸ್ಬೇಕು. ತೋರಿಸ್ದೇ ಬಿಟ್ಟ ಕೀ ತಿರುಗುತ್ತೆ, ಗಾಡಿ ಸ್ಟಾರ್ಟ್ ಆಗಲ್ಲ. ಕಳೆದೋದ ಕೀ ಯಾರಿಗೆ ಸಿಕ್ಕಿದ್ರೂ ನಿಮಗೆ ಭಯ ಬೇಡ."

ಹೊಸ ಕೀ ಹಾಕಿದರು, ಮೆಷಿನ್ ಕುಂಯ್ ಎಂದಿತು. ಆಮೇಲೆ ಕೈ ಚಾಚಿದರು. "ಆ ಹಳೇದು ಕೊಡಿ."

ಭಾವನ ಕೀ ನನ್ನ ಮುಷ್ಟಿಯಲ್ಲಿತ್ತು. "ಇದು ಬೇಡ" ಅಂದೆ.

"ಎರಡು ಇದ್ರೆ ಒಳ್ಳೇದು ಮೇಡಂ. ನಾಳೆ ಇದೂ ಹೋದ್ರೆ ತುಂಬಾ ಕಷ್ಟ."

"ಇದು ಬೇರೆಯವ್ರ ಕೀ."

ಅವರು ತಲೆ ಎತ್ತಿ ನೋಡಿದರು. "ಕಾರು ನಿಮ್ದು ತಾನೆ? ಮತ್ತೆ ಕೀ ಹೆಂಗೆ ಬೇರೆಯವ್ರದು ಆಗುತ್ತೆ?"

ಆ ಕೀಯನ್ನು ಬ್ಯಾಗಿಗೆ ಹಾಕಿ ಜಿಪ್ ಎಳೆದೆ. ಅವರು ಭುಜ ಕುಣಿಸಿ, ಮೆಷಿನ್ನಿನಲ್ಲಿ ಏನೋ ಒತ್ತಿ, ವೈರು ಕಿತ್ತರು. ಇಷ್ಟು ಸುಲಭವೇ ಎನಿಸಿತು. ಐದು ವರ್ಷದಲ್ಲಿ ಬಾಯಿಂದ ಬಾರದ್ದು ಎರಡು ನಿಮಿಷದಲ್ಲಿ ಆಗಿಹೋಗಿತ್ತು. ದಾರಿಯುದ್ದಕ್ಕೂ ನಾನೊಬ್ಬಳೇ ನಗುತ್ತ ಬಂದೆ.

ಸಂಜೆ ಎಂದಿನಂತೆ ಹೋಗಿ, ಹೊಸ ಕೀ ಮಾಡಿಸಿದೆ ಎಂದಷ್ಟೇ ಹೇಳಿ, ಭಾವನ ಕೀ ಅವರ ಕೈಗೇ ಕೊಟ್ಟೆ. "ಹೊಸ ಕೀ ಆಯ್ತಾ? ಒಳ್ಳೇದಾಯ್ತು ಬಿಡು. ಇದು ಇಲ್ಲೇ ಇರ್ಲಿ" ಎಂದು ಅವರು ಅದನ್ನು ಮತ್ತೆ ಮೊಳೆಗೆ ಸಿಕ್ಕಿಸಿದರು. ಅಕ್ಕ ಕಾಫಿ ಕೊಟ್ಟರು. ಕುಡಿದು ಬಂದೆ. ಮನೆಯಲ್ಲಿ ಗಂಡನಿಗೂ ಹೇಳಲಿಲ್ಲ.

ಮುಂದಿನ ಭಾನುವಾರ ಬೆಳಿಗ್ಗೆ ಮಹಡಿಯಲ್ಲಿರುವ ನಮ್ಮ ಅಡುಗೆಮನೆಯ ಕಿಟಕಿಯಿಂದ ನೋಡಿದೆ. ಭಾವ ಬಂದರು, ಹಿಂದೆ ರೇಷ್ಮೆ ಸೀರೆ ಉಟ್ಟು ಅಕ್ಕ. ಭದ್ರಾವತಿಯಲ್ಲಿ ಯಾರದೋ ಉಪನಯನವಂತೆ. ಕೀ ಮೇಲಿನ ಗುಂಡಿ ಒತ್ತಿದರೆ ಬಾಗಿಲು ತೆರೆಯಲಿಲ್ಲ, ಕೀ ತೂರಿಸಿ ತೆರೆದರು. ಕೂತು ತಿರುಗಿಸಿದರು. ಇಂಜಿನ್ ಕೊರ್ ಕೊರ್ ಎಂದು ಸುಮ್ಮನಾಯಿತು. ಮತ್ತೆ, ಮತ್ತೆ. ಮೊದಲ ಮೂರು ಸಲ ನನಗೆ ಖುಷಿಯಾಗಿತ್ತು ಎಂದು ಒಪ್ಪಿಕೊಳ್ಳುತ್ತೇನೆ. ಭಾವ ಬಾನೆಟ್ ಎತ್ತಿದರು. ನನ್ನ ಗಂಡ ಓಡಿಹೋಗಿ ಪಕ್ಕದಲ್ಲಿ ನಿಂತ. ಎದುರು ಮನೆಯವರು ಬ್ಯಾಟರಿ ಇರಬೇಕು ಎಂದು ವೈರು ತಂದರು, ತಮ್ಮ ಕಾರನ್ನೂ ತಂದರು. ಎಲ್ಲರೂ ಸೇರಿ ಸರಿಯಾಗಿರುವ ಬ್ಯಾಟರಿಗೆ ಅರ್ಧ ಗಂಟೆ ಚಿಕಿತ್ಸೆ ಮಾಡಿದರು. ಭಾವನ ಹೊಸ ಪಂಚೆಗೆ ಕರಿ ಮೆತ್ತಿತು. ಅಕ್ಕ ಬಿಸಿಲಿನಲ್ಲಿ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ ನಿಂತೇ ಇದ್ದರು. ನನ್ನ ಖುಷಿಯೆಲ್ಲ ಆರಿಹೋಗಿ, ಅಲ್ಲಿ ನಿಲ್ಲಲೂ ಆಗದೆ, ಇಳಿದು ಹೋಗಲೂ ಆಗದೆ ಒದ್ದಾಡಿದೆ.

"ನಮ್ ಮೆಕ್ಯಾನಿಕ್‌ನ ಕರೀತೀನಿ. ಈ ಕಾರು ಹೀಗೇ ಬಿಟ್ರೆ ನಾಳೆ ಇವ್ಳು ಆಫೀಸಿಗೆ ಹೋಗೋದು ಹೇಗೆ?" ಎಂದು ಭಾವ ನನ್ನ ಗಂಡನಿಗೆ ಹೇಳುವುದು ಕೇಳಿಸಿತು. ಅದನ್ನು ತಡೆದುಕೊಳ್ಳಲಾಗಲಿಲ್ಲ. ಕೆಳಗಿಳಿದು ನನ್ನ ಕೀ ಹಾಕಿ ತಿರುಗಿಸಿದೆ. ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. ಎದುರು ಮನೆಯವರು ವೈರು ಸುತ್ತಿಕೊಂಡು ಮೆಲ್ಲಗೆ ಒಳಗೆ ಹೋದರು.

ಭಾವ ತಮ್ಮ ಕೈಯಲ್ಲಿದ್ದ ಕೀಯನ್ನು ನೋಡಿದರು, ನನ್ನನ್ನು ನೋಡಿದರು.

"ಅದು ಇನ್ಮೇಲೆ ಆಗಲ್ಲ ಭಾವ" ಅಂದೆ. "ನಾನೇ ತೆಗೆಸ್ಬಿಟ್ಟೆ."

ಬೈಯುತ್ತಾರೆ ಎಂದುಕೊಂಡಿದ್ದೆ. ಬೈದರೆ ಹೇಳಲು ಐದು ವರ್ಷದ ಮಾತು ಸಿದ್ಧವಿತ್ತು: ಸೀಟು, ಕನ್ನಡಿ, ಪೆಟ್ರೋಲು, ದಿನಾ ಎಂಟು ಗಂಟೆಗೆ ಬಂದು ಕಾದದ್ದು. ಅವರು ಬೈಯಲಿಲ್ಲ. ಕರಿ ಮೆತ್ತಿದ ಕೈಯನ್ನು ಪಂಚೆಯ ಅಂಚಿಗೆ ಒರೆಸಿಕೊಂಡು, ಕೀ ನನ್ನ ಕೈಗೆ ಕೊಟ್ಟರು.

"ಕೊಡಿ ಅಂತ ಒಂದು ಮಾತು ಹೇಳಿದ್ರೆ ನಾನೇ ಕೊಡ್ತಿದ್ನಲ್ಲ ಮಾರಾಯ್ತಿ" ಎಂದರು. ಆಮೇಲೆ ಅಕ್ಕನನ್ನು ಕರೆದುಕೊಂಡು ಬಸ್ಸಿಗೆಂದು ನಡೆದರು. ನನ್ನ ಗಂಡ ನನ್ನ ಕಡೆ ನೋಡದೆ ಮನೆಯೊಳಗೆ ಹೋದ.

ಇಂಜಿನ್ ಓಡುತ್ತಲೇ ಇತ್ತು. ಜಗಳ ಆಡಿದ್ದರೂ ಚೆನ್ನಾಗಿತ್ತು, ಈ ಸಿಟ್ಟನ್ನು ಈಗ ಯಾರ ಮೇಲೆ ಹಾಕಲಿ ಎಂದು ತಿಳಿಯದೆ ನಿಂತೆ. ಕೇಳಿದ್ದರೆ ಅವರು ನಿಜವಾಗಿ ಕೊಡುತ್ತಿದ್ದರೋ ಇಲ್ಲವೋ, ಇವತ್ತಿಗೂ ನನಗೆ ಗೊತ್ತಿಲ್ಲ. ನಾನು ಒಂದು ಸಲವೂ ಕೇಳಿರಲಿಲ್ಲ.