ಉತ್ಸವಮೂರ್ತಿಯ ಕ್ಯಾಸೆಟ್

ನಮ್ಮ ಡ್ಯಾನ್ಸ್ ಟೀಚರ್ ಅವರ ಬಲಗಾಲಿನ ಹೆಬ್ಬೆರಳಿಗೆ ಉಗುರಿರಲಿಲ್ಲ. ಕಾಲಿಗೆ ಕೆಂಪು ಬಣ್ಣ ಹಚ್ಚಿಕೊಂಡ ದಿನ ಆ ಜಾಗ ಹಸಿಗಾಯದಂತೆ ಹೊಳೆಯುತ್ತಿತ್ತು. ಭದ್ರಾವತಿಯ ನ್ಯೂ ಟೌನಿನ ಅವರ ಮನೆಯಲ್ಲಿ ತಲೆತಗ್ಗಿಸಿ ಹೆಜ್ಜೆ ಕಲಿತ ಕಾನ್ವೆಂಟ್ ಹುಡುಗಿಯರು ನಾವು. ಮುಖಕ್ಕಿಂತ ಆ ಕಾಲನ್ನೇ ಹೆಚ್ಚು ನೋಡಿದ್ದೆವು.

ಮಂಡಿ ಸೋಲುವ ಮೊದಲು ಅವರು ಮದುವೆ ವಿಡಿಯೋ ತೆಗೆಯುವವನನ್ನು ಕರೆಸಿ ತಮ್ಮ ನೃತ್ಯವನ್ನು ಕ್ಯಾಸೆಟ್ ಮಾಡಿಸಿದರು. "ನಮ್ಮೋರು ಚಪ್ಪಾಳೆ ತಟ್ಟಿದ್ದು ಸಾಕು ಮಾರಾಯ್ತಿ. ನನ್ನ ಗುರುತೇ ಇಲ್ದಿರೋರು ಒಬ್ಬರಾದ್ರೂ ನೋಡ್ಬೇಕು" ಎನ್ನುತ್ತಿದ್ದರು.

ಮದುವೆಯಾಗಿ ಶಿವಮೊಗ್ಗಕ್ಕೆ ಬಂದ ನಾನು ಎರಡು ವಿಸಿಆರ್ ಜೋಡಿಸಿ ಪ್ರತಿ ಮಾಡಿಕೊಡುತ್ತಿದ್ದೆ. ಆದರೆ ಮೊದಲ ಕ್ಯಾಸೆಟ್ ಮಾತ್ರ ಅವರ ಮನೆಯ ದೇವರ ಗೂಡಿನಲ್ಲಿ, ಗೆಜ್ಜೆಯ ಪಕ್ಕ, ಕುಂಕುಮ ಹಚ್ಚಿಸಿಕೊಂಡು ಕೂತಿತ್ತು. ಕೇಳಿದರೆ ಟೀಚರ್ ಬಿಡುತ್ತಿರಲಿಲ್ಲ: "ಮೂಲಮೂರ್ತಿ ಗರ್ಭಗುಡಿ ಬಿಟ್ಟು ಬರುತ್ತದೇನೇ? ಊರು ಸುತ್ತೋಕೆ ಉತ್ಸವಮೂರ್ತಿ ಸಾಕು." ಹಾಗಾಗಿ ಪ್ರತಿಯಿಂದ ಪ್ರತಿ, ಅದರಿಂದ ಮತ್ತೊಂದು. ವಿಡಿಯೋ ಲೈಬ್ರರಿಯವರು ಇಸಿದುಕೊಂಡು, ಅದರ ಮೇಲೇ ಸಿನಿಮಾ ತುಂಬಿಕೊಳ್ಳುತ್ತಿದ್ದರು. ನಾನು ಮತ್ತೊಂದು ಮಾಡುತ್ತಿದ್ದೆ. ಪ್ರತಿ ಸಲವೂ ಟೀಚರ ಮುಖ ಮಾಸಿತು. ಮೊದಲು ಹುಬ್ಬು, ಆಮೇಲೆ ಕಣ್ಣು. ಕೊನೆಯದರಲ್ಲಿ ಕುತ್ತಿಗೆಯ ಮೇಲೆ ಬರೀ ಬಿಳಿ ಕಲೆ; ಕಾಲುಗಳು ಮಂಜು. ಹೇಳಬೇಕಿತ್ತು. ಅವರಿಗೆ ಎದುರಾಡಿ ನನಗೆ ಅಭ್ಯಾಸವಿರಲಿಲ್ಲ.

ಅದನ್ನೇ ಹಿಡಿದು ಇಬ್ಬರೂ ಕೇಬಲ್ ಆಪರೇಟರ್ ಬಳಿ ಹೋದೆವು. ಹಾಕಿ ನೋಡಿದವನು ನಕ್ಕ. "ಮುಖಾನೇ ಇಲ್ವಲ್ಲ ಮೇಡಂ! ಜನ ಹೆದರಿ ಕನೆಕ್ಷನ್ ಕಿತ್ತಾಕ್ತಾರೆ."

ಟೀಚರ್ ಪರದೆಯನ್ನೇ ನೋಡುತ್ತಿದ್ದರು. ಮೆಟ್ಟಿಲಿಳಿಯುವಾಗ ನನ್ನ ಕೈ ಹಿಡಿದು ಮೆಲ್ಲಗೆ ಕೇಳಿದರು, "ಅವಳು ಯಾರೇ?"

ಆ ವರ್ಷವೇ ತೀರಿಕೊಂಡರು. ದೇವರ ಗೂಡಿನ ಕ್ಯಾಸೆಟ್ ತಂದು ಹಾಕಿದೆ. ಬೂಷ್ಟು ಹಿಡಿದಿತ್ತು. ಚಿತ್ರವಿಲ್ಲ, ಗೆಜ್ಜೆಯ ಸದ್ದು ಮಾತ್ರ.

ಮರುವಾರ ರಾಗಿಗುಡ್ಡದ ಕಡೆಯಿಂದ ಬರುವ ಸೊಪ್ಪಿನವಳು ಬುಟ್ಟಿ ಇಳಿಸುತ್ತಲೇ ಅಂದಳು: "ಅಕ್ಕ, ನಿನ್ನೆ ಮಧ್ಯಾಹ್ನ ಕರೆಂಟ್ ಬಂತು ನೋಡಿ, ಟೀವೀಲಿ ಒಬ್ಬಮ್ಮ ಕುಣೀತಿದ್ರು. ಮುಖಾನೇ ಇಲ್ಲ ಕಣಕ್ಕ! ಭಯ ಆಯ್ತು. ಆದ್ರೂ ಏಳೋಕೆ ಮನಸ್ಸಾಗ್ಲಿಲ್ಲ, ಮುಗಿಯೋಗಂಟ ನೋಡ್ದೆ."

ಉಳಿದಿದ್ದ ಒಂದೇ ಪ್ರತಿ ನನ್ನ ಬೀರುವಿನಲ್ಲಿತ್ತು. ಬೀಗದ ಕೈ ನನ್ನ ಸೊಂಟದಲ್ಲಿತ್ತು. ಸೊಪ್ಪಿನವಳು ಟೀಚರನ್ನು ಕಂಡವಳೇ ಅಲ್ಲ.

ಮೆಂತ್ಯದ ಕಟ್ಟು ನನ್ನ ಕೈಗಿಡುತ್ತಾ ಹೇಳಿದಳು, "ಪಾಪ, ಬಲಗಾಲಿನ ಹೆಬ್ಬೆಟ್ಟಲ್ಲಿ ಉಗುರೇ ಇರ್ಲಿಲ್ಲ ಕಣಕ್ಕ. ಆದ್ರೂ ಎಷ್ಟು ಚೆನ್ನಾಗಿ ಕುಣಿದ್ರು!"