ಮಗ್ಗ ನಿಂತ ಊರಿನಲ್ಲಿ ಮೊಮ್ಮಗಳು

ಜರ್ಮನಿಯಲ್ಲಿ ಓದುತ್ತಿದ್ದ ಮೊಮ್ಮಗಳನ್ನು ನೋಡಲು ನಾನು ಹೊರಟದ್ದು ದಸರೆಗೆ ಮುಂಚೆ ಎಂದು ಮನೆಯಲ್ಲಿ ಎಲ್ಲರೂ ಹೇಳುತ್ತಾರೆ. ಅದು ಸರಿಯಲ್ಲ. ಹಬ್ಬದ ಸಂಜೆ ಜಮಖಂಡಿಯ ನಮ್ಮ ಓಣಿಯಲ್ಲಿ ಹಂಚಿಕೊಂಡ ಬನ್ನಿ ಎಲೆಗಳಲ್ಲಿ ಅವಳ ಪಾಲಿನದನ್ನು ಎತ್ತಿಟ್ಟು ಒಯ್ದಿದ್ದೆ. ಅದರಲ್ಲೊಂದು ಎಲೆ ಪಾಸ್‌ಪೋರ್ಟಿನ ಪುಟಗಳ ನಡುವೆ ಇನ್ನೂ ಉಳಿದಿದೆ. ಪಕ್ಕದ ಪುಟದ ಮುದ್ರೆಯೂ ಅದನ್ನೇ ಹೇಳುತ್ತದೆ. ಶಾಸನಗಳ ಕಾಲ ನಿರ್ಣಯಿಸುವುದರಲ್ಲೇ ವೃತ್ತಿ ಕಳೆದವಳಿಗೆ ಇಷ್ಟು ಸಾಕ್ಷ್ಯ ಸಾಕು.

ಹೊರಡುವ ಮುನ್ನ ಬನಹಟ್ಟಿಯಲ್ಲಿ ಮಗಳ ಮನೆಗೆ ಹೋಗಿದ್ದೆ. ಮನೆಗೆ ಹೊಂದಿಕೊಂಡ ಕೋಣೆಯಲ್ಲಿ ಅಳಿಯನ ವಿದ್ಯುತ್ ಮಗ್ಗಗಳು ಓಡುತ್ತಿದ್ದವು. ಆ ಸದ್ದನ್ನು ಮೀರಿ ಮಾತಾಡುವುದು ಅಲ್ಲಿಯವರಿಗೆ ರೂಢಿ. ಮಗಳು ಒಣಗಿದ ಕಟಕ ರೊಟ್ಟಿ, ಶೇಂಗಾ ಹಿಂಡಿಯ ಚಟ್ನಿಪುಡಿ ಕಟ್ಟುತ್ತ ವಿಷಯಕ್ಕೆ ಬಂದಳು. ಮೊಮ್ಮಗಳ ಎರಡು ವರ್ಷದ ಓದು ಮುಗಿಯುತ್ತ ಬಂದಿತ್ತು. ಅದೇ ಕಾಲೇಜಿನಲ್ಲಿ ಇನ್ನೂ ಮೂರು ವರ್ಷ ಸಂಶೋಧನೆ ಮಾಡಲು ಅವಳಿಗೆ ಅವಕಾಶ ದೊರೆತಿತ್ತು. ತಿಂಗಳ ಕೊನೆಯೊಳಗೆ ಒಪ್ಪಿಗೆ ತಿಳಿಸಬೇಕಿತ್ತು.

“ಬರ್ತಾಳೋ, ಅಲ್ಲೇ ಉಳೀತಾಳೋ, ನೀನ ಕೇಳ್ಕೊಂಡ ಬಾ ಬೇ ಅವ್ವಾ. ನಾ ಕೇಳಿದ್ರ ಸಾಕು, ನೆಟ್‌ವರ್ಕ್ ಇಲ್ಲ ಅಂತಾಳ.”

“ಅಕಿ ಮನಸಿನಾಗ ಏನೈತಿ ಅಂತ ನಿನಗ ತಿಳಿಯಂಗಿಲ್ಲೇನು?”

“ಏನ ಕೇಳಿದ್ರೂ ಎಲ್ಲಾ ಛಲೋ ಐತಿ ಅಂತಾಳ. ಛಲೋ ಐತಿ ಅನ್ನೂದ ನನಗ ಚಿಂತಿ.”

ಅವಳು ಬರಬೇಕೆಂಬುದೇ ನನ್ನ ಆಸೆಯೂ ಆಗಿತ್ತು. ಮಗಳೆದುರು ಅದನ್ನು ಬಾಯಿಬಿಟ್ಟು ಹೇಳಲಿಲ್ಲ.

ಮೊಮ್ಮಗಳಿದ್ದದ್ದು ಹಿಂದೊಮ್ಮೆ ಬಟ್ಟೆ ಗಿರಣಿಗಳಿಗೆ ಹೆಸರಾಗಿದ್ದ ಊರು. ಗಿರಣಿಗಳು ಮುಚ್ಚಿ ಬಹಳ ಕಾಲವಾಗಿದೆ. ಯಾವ ವರ್ಷವೆಂದು ಕೇಳಿದಾಗ ಅಲ್ಲಿನ ಇಬ್ಬರು ಎರಡು ಬೇರೆ ವರ್ಷ ಹೇಳಿದ್ದರಿಂದ ಯಾವುದನ್ನೂ ಇಲ್ಲಿ ಬರೆಯುತ್ತಿಲ್ಲ. ಆ ಕೆಂಪು ಇಟ್ಟಿಗೆಯ ಕಟ್ಟಡಗಳಲ್ಲಿ ಈಗ ಜನ ವಾಸವಾಗಿದ್ದಾರೆ, ಒಂದರಲ್ಲಿ ಅವಳ ಕಾಲೇಜಿನ ಗ್ರಂಥಾಲಯವಿದೆ.

ತಲುಪಿದ ದಿನ ಮಧ್ಯಾಹ್ನ ಅವಳ ಕೋಣೆಯಲ್ಲಿ ಮಲಗಿದ್ದ ನನಗೆ ಥಟ್ಟನೆ ಎಚ್ಚರವಾಯಿತು. ಎಲ್ಲಿಯೂ ಏನೂ ಸದ್ದಿಲ್ಲ. ಎದ್ದು ಹೋಗಿ ದೀಪದ ಸ್ವಿಚ್ಚು ಒತ್ತಿ ನೋಡಿದೆ. ಮೇಜಿನ ಮುಂದೆ ಕುಳಿತಿದ್ದ ಅವಳು ನಗತೊಡಗಿದಳು.

“ಕರೆಂಟ್ ಐತಿ ಆಯಿ. ಇಲ್ಲಿ ಮಗ್ಗ ಇಲ್ಲ, ಅಷ್ಟ.”

ನಾನು ಹುಟ್ಟಿದ್ದು ರಬಕವಿಯ ನೇಕಾರರ ಮನೆಯಲ್ಲಿ. ಮಗ್ಗ ಸುಮ್ಮನಾಯಿತೆಂದರೆ ವಿದ್ಯುತ್ತು ಹೋಯಿತೆಂದೇ ನಮ್ಮ ಕಡೆಯವರ ಲೆಕ್ಕ. ಬಂದ ಹೊಸದರಲ್ಲಿ ತಾನೂ ಹಾಗೆಯೇ ಸ್ವಿಚ್ಚು ಒತ್ತಿ ನೋಡುತ್ತಿದ್ದೆನೆಂದೂ, ಪಕ್ಕದ ಕೋಣೆಯ ಹುಡುಗಿ ತನ್ನನ್ನು ವಿಚಿತ್ರವಾಗಿ ನೋಡುತ್ತಿದ್ದಳೆಂದೂ ಹೇಳಿದಳು.

ಆಮೇಲಿನ ದಿನಗಳಲ್ಲಿ ಅವಳ ಹಿಂದೆಯೇ ತಿರುಗಾಡಿದೆ. ಬೆಳಿಗ್ಗೆ ಟ್ರಾಮು, ಆಮೇಲೆ ಪ್ರಯೋಗಾಲಯ. ಮಧ್ಯಾಹ್ನ ಕ್ಯಾಂಟೀನಿನ ಬೇಯಿಸಿದ ಆಲೂಗಡ್ಡೆಯ ಮೇಲೆ ಅವಳು ತನ್ನ ಡಬ್ಬಿಯಿಂದ ಹಿಂಡಿ ಉದುರಿಸಿಕೊಳ್ಳುವಾಗ ಸಹಪಾಠಿಗಳು ತಟ್ಟೆ ಮುಂದೆ ಚಾಚುತ್ತಿದ್ದರು. ಕೆಲವು ಸಂಜೆ ಬೇಕರಿಯಲ್ಲಿ ಕೆಲಸ. ಭಾನುವಾರ ನೆಲಮಾಳಿಗೆಯಲ್ಲಿ ಬಟ್ಟೆ ಒಗೆಯುವ ಯಂತ್ರದ ಸರದಿ. ಯಾವುದರ ಬಗ್ಗೆಯೂ ಅವಳು ದೂರಲಿಲ್ಲ, ಹಿಗ್ಗಲೂ ಇಲ್ಲ.

ಒಂದು ಶನಿವಾರ ನೆದರ್‌ಲ್ಯಾಂಡ್ಸಿಗೆ ಕರೆದೊಯ್ದಳು. ಅದು ಎರಡನೆಯ ಶನಿವಾರವೆಂದು ಅವಳ ವಾದ. ಮೊಬೈಲಿನ ಚಿತ್ರಗಳ ದಿನಾಂಕ ನೋಡಿದರೆ ಮೊದಲನೆಯದು. ಮಗಳ ಪ್ರಶ್ನೆ ಕೇಳಲು ರೈಲೇ ತಕ್ಕ ಜಾಗವೆಂದು ನಾನು ಮಾತು ಹೊಂದಿಸಿಕೊಳ್ಳುತ್ತಿದ್ದೆ.

“ಆಯಿ, ದೇಶ ಬದಲಾತ ನೋಡ.”

“ಎಲ್ಲಿ?”

“ಆಗಲೇ ಹೋತು. ನೀ ಕಿಡಕಿ ಬಿಟ್ಟು ನನ್ನ ಮಾರಿ ನೋಡಾಕತ್ತಿದ್ದಿ.”

ಗೇಟಿಲ್ಲ, ತಡೆಯುವವರಿಲ್ಲ. ಕಬ್ಬಿನ ಹಂಗಾಮಿನಲ್ಲಿ ನಮ್ಮ ಮುಧೋಳದ ಬಸ್ಸು ಸಮೀರವಾಡಿಯ ಸಕ್ಕರೆ ಕಾರ್ಖಾನೆಯ ಬಳಿ ಟ್ರ್ಯಾಕ್ಟರುಗಳ ಹಿಂದೆ ನಿಲ್ಲುವಷ್ಟು ಹೊತ್ತೂ ಆ ರೈಲು ಗಡಿಯಲ್ಲಿ ನಿಲ್ಲಲಿಲ್ಲ. ಅವಳು ಪುಸ್ತಕ ತೆರೆದಳು. ನನ್ನ ಮಾತು ಹಾಗೆಯೇ ಉಳಿಯಿತು.

ಗುರುವಾರ ಮಾತ್ರ ಅವಳು ನನ್ನನ್ನು ಕೋಣೆಗೆ ಕಳಿಸಿ, ತಾನು ತಡವಾಗಿ ಬರುತ್ತಿದ್ದಳು. ನಾನು ಮರಳುವ ವಾರ, “ಇವತ್ತ ನನ್ನ ಕೂಡ ಬಾ” ಎಂದಳು. ಹಳೆಯ ಗಿರಣಿಯೊಂದರಲ್ಲಿ ವಸ್ತುಸಂಗ್ರಹಾಲಯವಿತ್ತು. ಅಲ್ಲಿ ನೀಲಿ ಅಂಗಿಯ ಮುದುಕನೊಬ್ಬ ದಿನಕ್ಕೊಮ್ಮೆ ಕೆಲವು ನಿಮಿಷ ಒಂದು ಮಗ್ಗ ಓಡಿಸಿ ತೋರಿಸುತ್ತಿದ್ದ. ಬಂದವರಿಗೆಲ್ಲ ಕಿವಿಗೆ ಇಟ್ಟುಕೊಳ್ಳುವ ಬೂಚು ಹಂಚಿದ ಅವನು ಇವಳಿಗೆ ಕೊಡದೆ ಮುಂದೆ ಬಂದ. ನನಗೆ ಕೊಡಲು ಬಂದಾಗ ಇವಳು ಏನೋ ಹೇಳಿದಳು. ಅವನು ನಕ್ಕು ಕೈ ಹಿಂದೆಗೆದ.

“ಏನಂದಿ?”

“ನಮ್ಮ ಆಯಿ ಅಂದೆ.”

ಮಗ್ಗ ಹೊರಟಿತು. ಲಾಳಿ ಆ ಕಡೆಗೊಮ್ಮೆ ಈ ಕಡೆಗೊಮ್ಮೆ ಬಡಿಯುತ್ತಿದ್ದಂತೆ ನೆಲ ಅದುರಿ, ಆ ಅದುರು ಹಿಮ್ಮಡಿಯಿಂದ ಎದೆಗೇರಿತು. ಸುತ್ತಲಿನವರು ಮೊಬೈಲು ಎತ್ತಿ ಹಿಡಿದಿದ್ದರು. ಮೊಮ್ಮಗಳು ಕಬ್ಬಿಣದ ಕಟಕಟೆಯ ಮೇಲೆ ಎರಡೂ ಅಂಗೈ ಊರಿ ನಿಂತಿದ್ದಳು. ಆ ಮುಖ ಅಷ್ಟು ಹಗುರಾದದ್ದನ್ನು ನಾನು ಆ ಊರಿನಲ್ಲಿ ಕಂಡಿರಲಿಲ್ಲ. ಉತ್ತರ ಸಿಕ್ಕಿತೆಂದುಕೊಂಡೆ.

ಹೊರಗೆ ಬಂದ ಮೇಲೆ ಹೇಳಿದೆ: “ಊರಿಗೆ ಬಂದ್ಬಿಡ ಯವ್ವಾ. ದಿನಾ ಕೇಳಬಹುದು.”

ಅವಳು ಹಿಂತಿರುಗಿ ಗಿರಣಿಯ ಕಡೆ ಕೈ ತೋರಿಸಿದಳು.

“ಗುರುವಾರ ಗುರುವಾರ ಬಂದು ಇದನ್ನ ಕೇಳ್ತೇನಿ ಆಯಿ. ಕೇಳಿದ್ರ ಮುಂದಿನ ಗುರುವಾರತನಕ ಇಲ್ಲಿ ಇರಾಕ ಆಗತೈತಿ. ಅದಕ್ಕ ಬರ್ತೇನಿ.”

“ಅಂದ್ರ?”

“ಕಾಲೇಜಿಗೆ ಹೂಂ ಅಂತ ಹೇಳಿಬಿಟ್ಟೇನಿ. ನೀ ಬರೂಕಿಂತ ಮೊದ್ಲ.”

“ಅವ್ವಗ ಯಾಕ ಹೇಳಲಿಲ್ಲ?”

“ಫೋನಿನ್ಯಾಗ ನಾ ಹೇಳಿದ್ರ ಅಳ್ತಾಳ. ನೀ ಹೇಳಿದ್ರ ನಿನಗ ಬೈತಾಳ. ಬೈದ್ರ ಛಲೋ.”

ನಕ್ಕೆ, ನಗು ಬೇಗ ಮುಗಿಯಿತು. ಅವಳಿಗೆ ಊರಿನ ಹಂಬಲವಿತ್ತು, ಅದು ನಾನು ಊಹಿಸಿದ್ದಕ್ಕಿಂತ ಹೆಚ್ಚೇ ಇತ್ತು. ಹಂಬಲವಿದ್ದವರು ಮರಳಿ ಬರುತ್ತಾರೆಂದು ನಾನು ಕೂಡಿಸಿಕೊಂಡಿದ್ದ ಅರ್ಥ ಮಾತ್ರ ನನ್ನದಾಗಿತ್ತು.

ಗಾಳಿ ತಣ್ಣಗೆ ಬೀಸುತ್ತಿತ್ತು. ಅವಳು ತೊಟ್ಟಿದ್ದ ಕೋಟು ಊರು ಬಿಟ್ಟು ಹೋದ ಹಿರಿಯ ವಿದ್ಯಾರ್ಥಿನಿಯೊಬ್ಬಳದು; ತೋಳು ಗಿಡ್ಡವಾಗಿ ಮಣಿಕಟ್ಟು ಹೊರಗೆ ಕಾಣುತ್ತಿತ್ತು. ನಿಲ್ದಾಣದ ಬಳಿಯ ಅಂಗಡಿಗೆ ಕರೆದೊಯ್ದೆ. ಉಣ್ಣೆಯ ಕೋಟೊಂದನ್ನು ಒಳಮೈ ಹೊರಗೆ ಮಾಡಿ, ಎರಡು ಹೆಬ್ಬೆರಳ ನಡುವೆ ನೇಯ್ಗೆ ಹಿಗ್ಗಿಸಿ ನೋಡತೊಡಗಿದೆ.

“ಆಯಿ, ಹಂಗ ಜಗ್ಗಬ್ಯಾಡ. ಅಂಗಡಿಯವರು ನೋಡಾಕತ್ತಾರ.”

“ನೋಡ್ಲಿ. ಮೂರ ಚಳಿಗಾಲ ತಡೀಬೇಕು.”

ಅವಳು ಕೋಟು ತೊಟ್ಟು ಕನ್ನಡಿಯ ಮುಂದೆ ಕೈ ಚಾಚಿದಳು. ತೋಳು ಸರಿಯಾಗಿ ಕೂತಿತ್ತು. ಗುಂಡಿಗಳನ್ನು ಕೆಳಗಿನಿಂದ ನಾನೇ ಹಾಕುತ್ತ ಬಂದೆ. ಕುತ್ತಿಗೆಯ ಗುಂಡಿಗೆ ತಲುಪಲು ನಾನು ಕೈ ಮೇಲೆತ್ತಬೇಕಾಯಿತು. ಅವಳು ತುಸು ಬಾಗಿದಳು.