ಮುಚ್ಚಳದೊಳಗಿನ ಅರ್ಧಚಂದ್ರ

ನನ್ನ ಸೋದರಮಾವ ರೈಲ್ವೆ ಕಚೇರಿಯ ವಿಚಾರಣಾ ಶಾಖೆಯಲ್ಲಿ ಗುಮಾಸ್ತರಾಗಿದ್ದರು. ಮೂವತ್ತನಾಲ್ಕು ವರ್ಷ ಬೇರೆಯವರ ತಪ್ಪುಗಳನ್ನು ದುಂಡಗಿನ ಅಕ್ಷರದಲ್ಲಿ ಬರೆದರು. ಯಾವ ಕಡತ ಬಂದರೂ ಅಂಚಿನಲ್ಲೊಂದು ಷರಾ ಬರೆಯದೆ ಮುಂದಕ್ಕೆ ಕಳಿಸುತ್ತಿರಲಿಲ್ಲ. ಹಾಗಾಗಿ ಕಚೇರಿಯಲ್ಲಿ ಅವರಿಗೆ ಷರಾ ಎಂದೇ ಹೆಸರು ಬಿದ್ದಿತ್ತು, ನಮಗೆ ಷರಾಮಾವ. "ಊಟ ಹೇಗಿದೆ ಅಂತ ಬಾಯಲ್ಲಿ ಹೇಳ್ರೀ, ಷರಾ ಬರ್ದು ಕೊಡ್ಬೇಡಿ" ಎಂದು ಅತ್ತೆ ಗದರುತ್ತಿದ್ದರು. ಮಾವ ತಲೆಯೆತ್ತದೆ ಉಣ್ಣುತ್ತಿದ್ದರು. ಅವರಿಗೆ ಸಂತೋಷವಾದದ್ದನ್ನಾಗಲಿ ದುಃಖವಾದದ್ದನ್ನಾಗಲಿ ನಾನು ಕಂಡವಳಲ್ಲ. ಅಜ್ಜಿ ತೀರಿಕೊಂಡ ದಿನವೂ ಬಂದವರಿಗೆಲ್ಲ ಚಾಪೆ ಹಾಸುತ್ತ ಓಡಾಡಿಕೊಂಡಿದ್ದರು.

ನಿವೃತ್ತಿಯಾದ ಮೇಲೆ ಹಳೆಯ ರೈಲ್ವೆ ಜೇಬು ಗಡಿಯಾರಗಳನ್ನು ಕೂಡಿಡಲು ಶುರುಮಾಡಿದರು. ಒಂದು ಕಾಲಕ್ಕೆ ಗಾರ್ಡುಗಳಿಗೂ ಚಾಲಕರಿಗೂ ಇಲಾಖೆಯೇ ಕೊಡುತ್ತಿದ್ದ ದಪ್ಪ ಗಡಿಯಾರಗಳು ಅವು. ಬೆನ್ನ ಮೇಲೆ ನಂಬರು ಕೊರೆದಿರುತ್ತಿತ್ತು. ಮಾವ ಗುಜರಿ ಅಂಗಡಿಗಳನ್ನು ಅಲೆದು ಅವನ್ನು ತಂದು, ಹಳೆಯ ಬನಿಯನ್ನಿನ ತುಂಡುಗಳಲ್ಲಿ ಸುತ್ತಿ, ಬೀರುವಿನಲ್ಲಿ ಸಾಲಾಗಿ ಮಲಗಿಸುತ್ತಿದ್ದರು. ಅವು ನಡೆಯುತ್ತವೋ ನಿಂತಿವೆಯೋ ಅವರಿಗೆ ಬೇಕಿರಲಿಲ್ಲ. ಬೇಕಾದದ್ದು ಹಿಂಬದಿಯ ಮುಚ್ಚಳದ ಒಳಮೈ. ಆರು ತಿಂಗಳಿಗೊಮ್ಮೆ ಗಡಿಯಾರವನ್ನು ಇಲಾಖೆ ನೇಮಿಸಿದ ಗಡಿಯಾರದಂಗಡಿಗೆ ತೋರಿಸಬೇಕೆಂಬ ನಿಯಮವಿತ್ತು. ಅಂಗಡಿಯವನು ಅದನ್ನು ಸರಿಮಾಡಿ, ಮುಚ್ಚಳದೊಳಗೆ ಸೂಜಿಯಿಂದ ತಾರೀಖು ಗೀರಿ, ಪಕ್ಕದಲ್ಲಿ ತನ್ನ ಗುರುತು ಹಾಕುತ್ತಿದ್ದ. ಒಂದೂರಿನವನದು ಮೀನು, ಇನ್ನೊಂದೂರಿನವನದು ಅರ್ಧಚಂದ್ರ, ಮತ್ತೊಬ್ಬನದು ವೃತ್ತದೊಳಗೊಂದು ಚುಕ್ಕೆ.

"ಈ ಮೀನಿನವನಿಗೆ ವಯಸ್ಸಾದ್ಮೇಲೆ ಕೈ ನಡುಗ್ತಿತ್ತು. ಏಳರ ಅಂಕಿ ಹೇಗೆ ವಾಲಿದೆ ನೋಡು" ಎಂದು ಭೂತಗನ್ನಡಿ ಕೊಡುತ್ತಿದ್ದರು. ಹವಾಮಾನ ವರದಿ ಓದುವವರ ದನಿಯಲ್ಲಿ.

ಒಂದು ಭಾನುವಾರ ಬೆಳಿಗ್ಗೆ ನಾನು ಅವರ ಮೇಜಿನ ಇನ್ನೊಂದು ತುದಿಯಲ್ಲಿ ಕೂತು ಮಕ್ಕಳ ಉತ್ತರಪತ್ರಿಕೆ ತಿದ್ದುತ್ತಿದ್ದೆ. ಮಾವ ಹೊಸದಾಗಿ ತಂದ ಏಳು ಗಡಿಯಾರಗಳನ್ನು ಒರೆಸುತ್ತಿದ್ದರು. ಒಂದರ ಬೆನ್ನಿನ ನಂಬರು ನೋಡಿ ಕೈ ನಿಂತಿತು. ಹಿಡಿತಕ್ಕೆಂದು ಮುಚ್ಚಳದ ಮೇಲೆ ರಬ್ಬರ್ ಚೆಂಡು ಒತ್ತಿ ತಿರುಗಿಸಿದರು. ಮುಚ್ಚಳ ಸಲೀಸಾಗಿ ಬಿಚ್ಚಿಕೊಂಡಿತು.

"ತೆಗೆದು ನೋಡಿದೆ ಅಂತ ಬರೆದಿದ್ದೆ" ಎಂದರು.

"ಏನನ್ನ ಮಾವ?"

"ಇದನ್ನ. ತೆಗೆದಿರ್ಲಿಲ್ಲ."

ಇಪ್ಪತ್ತೆರಡು ವರ್ಷದ ಹಿಂದಿನ ಮಾತು. ಗೂಡ್ಸ್ ಗಾಡಿಯೊಂದು ನಾಲ್ಕು ನಿಮಿಷ ಮೊದಲೇ ಹೊರಟು, ಹಳಿಯ ಮೇಲೆ ಕೆಲಸದಲ್ಲಿದ್ದ ಒಬ್ಬನ ಕಾಲು ಹೋಗಿತ್ತು. ಹಸಿರು ಬಾವುಟ ತೋರಿಸಿದ ಗಾರ್ಡಿನ ಗಡಿಯಾರ ನಾಲ್ಕು ನಿಮಿಷ ಮುಂದಿತ್ತು. ಅದನ್ನು ಒಂಬತ್ತು ದಿನದ ಹಿಂದಷ್ಟೇ ಅಂಗಡಿಗೆ ತೋರಿಸಿದ್ದೆ, ಅಂಗಡಿಯ ಚೀಟಿ ಕಳೆದಿದೆ ಎಂದಿದ್ದ ಅವನು. ಅಂಗಡಿಯವನು ಅಷ್ಟರಲ್ಲಿ ತೀರಿಕೊಂಡಿದ್ದ. ಮುಚ್ಚಳ ತೆಗೆದು ನೋಡುವ ಕೆಲಸ ಮಾವನದು. ಅದು ಬಿಗಿದುಕೊಂಡಿತ್ತು, ಸಾಹೇಬರು ಸಹಿಗೆ ಕಾಯುತ್ತಿದ್ದರು. 'ತೆಗೆದು ನೋಡಲಾಗಿ, ಯಾವ ಗುರುತೂ ಇಲ್ಲ' ಎಂದು ಬರೆದುಬಿಟ್ಟರು. ಗಾರ್ಡನ್ನು ಕೆಲಸದಿಂದ ತೆಗೆದರು. ಅದಾಗಿ ಮಾವ ಅವನನ್ನು ನೆನೆದದ್ದೇ ಇಲ್ಲವಂತೆ. ಆದರೆ ಆ ನಂಬರನ್ನು ಮರೆತಿರಲಿಲ್ಲ.

ನಾನು ಮುಚ್ಚಳದೊಳಗೆ ನೋಡಿದೆ. ಅರ್ಧಚಂದ್ರ. ಪಕ್ಕದಲ್ಲಿ ತಾರೀಖು: ಅಪಘಾತಕ್ಕೆ ಸರಿಯಾಗಿ ಒಂಬತ್ತು ದಿನ ಮೊದಲು.

ಗಾರ್ಡಿನ ವಿಳಾಸ ಹುಡುಕಲು ಮೂರು ವಾರ ಹಿಡಿಯಿತು. ಒಬ್ಬರೇ ಹೋಗುವುದು ಬೇಡವೆಂದು ಅತ್ತೆ ನನ್ನನ್ನು ಜೊತೆಗೆ ಕಳಿಸಿದರು. ಮರದ ಡಿಪೋ ಹಿಂದೆ ಎರಡು ಕೋಣೆಯ ಮನೆ. ಗಾರ್ಡು ಬಾಗಿಲ ಬಳಿ ಕೂತು ಕುರ್ಚಿಗೆ ಬೆತ್ತ ಹೆಣೆಯುತ್ತಿದ್ದ. ಇಷ್ಟು ವರ್ಷ ಅದೇ ಕಸುಬು. ಮಾವ ತಾನು ಯಾರೆಂದು ಹೇಳಿ, ಗಡಿಯಾರ ಬಿಚ್ಚಿಟ್ಟು, ನಡೆದದ್ದನ್ನು ಒಂದಕ್ಷರ ಬಿಡದೆ ಹೇಳಿದರು.

ಗಾರ್ಡು ಬೆತ್ತವನ್ನು ಎಳೆದು ಬಿಗಿ ಮಾಡಿದ. "ನಂಗೆ ಗೊತ್ತಿತ್ತಲ್ಲ ಸಾರ್. ಈಗ ನಿಮಗೂ ಗೊತ್ತಾಯ್ತು."

ಅವನ ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಸೆರಗಿಗೆ ಕೈ ಒರೆಸಿಕೊಂಡು ಬಂದು, ಮಾವನ ಕೈಯಲ್ಲಿದ್ದ ಭೂತಗನ್ನಡಿ ಕೇಳಿದಳು. ಬಹಳ ಹೊತ್ತು ನೋಡಿದಳು.

"ಇದು ಇವರು ಹೇಳಿದ್ದ ತಾರೀಖೇನಾ?" ಎಂದು ನನ್ನನ್ನು ಕೇಳಿದಳು. ಹೌದೆಂದೆ.

"ನಾನೂ ನಂಬಿರ್ಲಿಲ್ಲ" ಎಂದಳು, ಗಂಡನ ಕಡೆ ನೋಡದೆ. "ನಮ್ಮಪ್ಪನ ಮುಂದೆ, ಇವ್ರು ಸುಳ್ಳು ಹೇಳ್ತಾ ಇದ್ದಾರೆ ಅಂತ ನಾನೇ ಹೇಳಿದ್ದೆ."

"ಗೊತ್ತು" ಎಂದ ಗಾರ್ಡು. "ಅದೂ ಗೊತ್ತಿತ್ತು."

ಅವಳು ಒಳಗೆ ಹೋದಳು. ಪಾತ್ರೆ ತೊಳೆಯುವ ಸದ್ದು ಶುರುವಾಯಿತು, ಮತ್ತೆ ನಿಂತಿತು. ನೀರು ಮಾತ್ರ ಸುರಿಯುತ್ತಲೇ ಇತ್ತು. ಗಾರ್ಡು ಎದ್ದು ಹೋಗಿ ನಲ್ಲಿ ನಿಲ್ಲಿಸಿದ. ಇಬ್ಬರೂ ಒಳಗೆ ಏನೋ ಮಾತಾಡಿದರು, ನಮಗೆ ಕೇಳಿಸಲಿಲ್ಲ. ಹೊರಬಂದವನು ಗಡಿಯಾರಕ್ಕೆ ಕೀಲಿ ಕೊಟ್ಟು, ಕಿವಿಗೆ ಹಿಡಿದು, ಕಿಟಕಿಯ ಕಟ್ಟೆಯ ಮೇಲಿಟ್ಟ. ಇಟ್ಟುಕೊಳ್ಳುತ್ತೇನೆ ಎಂದೂ ಅನ್ನಲಿಲ್ಲ, ಬೇಡವೆಂದೂ ಅನ್ನಲಿಲ್ಲ.

ಬಸ್ ನಿಲ್ದಾಣದಲ್ಲಿ ನಮ್ಮ ಬಸ್ಸು ಬಂದು ಹೋಯಿತು. ಮಾವ ಏಳಲಿಲ್ಲ.

"ನಂಗೇನೂ ಅನ್ನಿಸ್ತಾನೇ ಇಲ್ಲ ಕಣಮ್ಮ. ಏನಾದ್ರೂ ಅನ್ನಿಸಬೇಕಿತ್ತು, ಅಲ್ವಾ?"

ಎರಡನೆಯ ಬಸ್ಸಿಗೆ ಕೈಹಿಡಿದು ಹತ್ತಿಸಿದೆ.

ಮಾವ ಕಚೇರಿಗೆ ಪತ್ರ ಬರೆದರು: ತಪ್ಪು ನನ್ನದು, ಆ ವರದಿಯನ್ನು ತಿದ್ದಬೇಕು ಎಂದು. ನಾಲ್ಕು ತಿಂಗಳಿಗೆ ಉತ್ತರ ಬಂತು: ಅವಧಿ ಮುಗಿದ ಕಡತಗಳನ್ನು ನಾಶಪಡಿಸಲಾಗಿದೆ. ತಿದ್ದುವುದಕ್ಕೆ ವರದಿಯೇ ಇರಲಿಲ್ಲ. ಮಾವ ಆ ಕಾಗದವನ್ನು ಗಾರ್ಡಿಗೆ ತೋರಿಸಬೇಕೆಂದರು. ಮತ್ತೆ ಇಬ್ಬರೂ ಹೋದೆವು.

ಗಾರ್ಡು ಓದಿ ಮಡಚಿಕೊಟ್ಟ. "ಸರಿ ಬಿಡಿ" ಎಂದ. ನಿಂತೇ ಇದ್ದ ಮಾವನನ್ನು ನೋಡಿ, "ಕೈ ಖಾಲಿ ಇದ್ರೆ ಆ ಬೆತ್ತದ ಕಟ್ಟನ್ನ ನೀರಿಗೆ ಹಾಕಿ ಸಾರ್. ನೆನೆದ್ರೆ ಬಾಗತ್ತೆ" ಎಂದ.

ಮಾವ ಅಂಗಿಯ ತೋಳು ಮಡಚಿಕೊಂಡು ಕಟ್ಟನ್ನು ತೊಟ್ಟಿಗೆ ಹಾಕಿದರು. ಅದು ತೇಲಿತು. ಎರಡೂ ಕೈಯಿಂದ ಒತ್ತಿ ಹಿಡಿದು ಅಲ್ಲೇ ಕೂತರು. ಈಗಲೂ ತಿಂಗಳಿಗೊಮ್ಮೆ ಹೋಗಿಬರುತ್ತಾರೆ. ಮಾವ ಕ್ಷಮೆ ಕೇಳಲಿಲ್ಲ, ಗಾರ್ಡು ಕೊಡಲಿಲ್ಲ. ಏನು ಮಾತಾಡ್ತೀರಿ ಎಂದು ಅತ್ತೆ ಕೇಳಿದರೆ, "ಏನಿಲ್ಲ" ಎನ್ನುತ್ತಾರೆ.